ಪಹಣಿಯಿಲ್ಲದವನಿಗೆ ಬಿಡುಗಡೆಯಿಲ್ಲವೆ?

ನ್ಯಾಯಸ್ಥಾನವು ಒಬ್ಬ ಮನುಷ್ಯನನ್ನು ಬಿಡತಕ್ಕದ್ದೆಂದು ಆಜ್ಞೆಮಾಡಿದ ಮೇಲೆಯೂ ಆತನು ಸೆರೆಮನೆಯಲ್ಲಿಯೇ ಉಳಿದಿರುವನೆಂದರೆ, ಅವನನ್ನು ಅಲ್ಲಿ ಹಿಡಿದಿಟ್ಟಿರುವವರು ಯಾರು? ಪೊಲೀಸಿನವರಲ್ಲ, ಅವರ ಆಕ್ಷೇಪಣೆಯನ್ನು ಕೇಳಿ ತೀರ್ಮಾನಿಸಿಯಾಯಿತು. ನ್ಯಾಯಾಧೀಶರೂ ಅಲ್ಲ, ಅವರು ಬಿಡುಗಡೆಯ ಆಜ್ಞೆಗೆ ರುಜುಮಾಡಿದ್ದಾರೆ. ಆತನ ಮೇಲಣ ಅಪರಾಧವು ರುಜುವಾತಾಗಿರುವುದೇ ಎಂದರೆ ಅದೂ ಇಲ್ಲ. ವಿಚಾರಣೆಯು ಇನ್ನೂ ಮೊದಲಾಗಿಲ್ಲ. ಆತನನ್ನು ಹಿಡಿದಿಟ್ಟಿರುವುದು ಒಂದು ಕಾಗದ. ಆ ಕಾಗದಕ್ಕೆ ಪಹಣಿಯೆಂದು ಹೆಸರು. ಅದು ಆತನ ಹೆಸರಿನಲ್ಲಿ ಇರಬೇಕೆಂದೂ ಅಲ್ಲ, ಆತನಿಗೆ ಹೊಣೆಯಾಗಿ ನಿಲ್ಲಲು ಒಪ್ಪುವ ಇನ್ನೊಬ್ಬನ ಹೆಸರಿನಲ್ಲಿ ಇರಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂತಹ ಮಲೆನಾಡಿನ ತಾಲ್ಲೂಕುಗಳಲ್ಲಿ ಈ ಒಂದು ಕಾಗದವು ಎಷ್ಟು ದುರ್ಲಭವಾದುದೆಂಬುದನ್ನು ಬಯಲುಸೀಮೆಯ ನಮ್ಮ ವಾಚಕರು ಅರಿಯರಾದ ಕಾರಣ, ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುವುದು ಅಗತ್ಯವಾಗಿದೆ.

ಮೊದಲು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ, ಯಾರಾದರೂ ಆಗಬಹುದು. ಕಾಫಿತೋಟವೊಂದರ ಲೈನುಮನೆಯಲ್ಲಿರುವ ಕೂಲಿಯಾಳು. ಹುಟ್ಟೂರು ದೂರದ ಜಿಲ್ಲೆಯದೋ ದೂರದ ಪ್ರಾಂತ್ಯದ್ದೋ ಆಗಿರುತ್ತದೆ. ಅಂಗಳದಲ್ಲಿ ಒಣಹಾಕಿದ್ದ ಅಡಕೆ ಕಾಣೆಯಾಯಿತೆಂದು ಸಾಹುಕಾರರು ಠಾಣೆಗೆ ದೂರು ಕೊಡುತ್ತಾರೆ. ಹಿಂದಿನ ರಾತ್ರಿ ಆ ಕಡೆ ಸುಳಿದಾಡಿದನೆಂಬ ಗುಮಾನಿಯ ಮೇಲೆ ಈತನನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ. ನ್ಯಾಯಾಂಗ ಬಂಧನವೆಂದು ಆಜ್ಞೆಯಾಗುತ್ತದೆ. ಅಲ್ಲಿಂದ ಬಾಳೆಹೊನ್ನೂರು, ಆಲ್ದೂರುಗಳ ಮೇಲೆ ತಿರುವುಮುರುವಾದ ಹಾದಿಯಲ್ಲಿ ಚಿಕ್ಕಮಗಳೂರಿನ ಜಿಲ್ಲಾ ಕಾರಾಗೃಹಕ್ಕೆ ಪ್ರಯಾಣ. ಶೃಂಗೇರಿಯಿಂದಾದರೆ ಇದು ಎಂಬತ್ತು ಕಿಲೋಮೀಟರಿಗೆ ಕಡಮೆಯಲ್ಲದ ದಾರಿ. ಹೆಂಡತಿಯು ಒಂದು ಸಲ ಹೋಗಿ ಗಂಡನ ಮುಖ ನೋಡಿ ಬರಬೇಕಾದರೆ ಒಂದು ದಿನದ ಕೂಲಿಯೂ ಹೋಯಿತು, ಬಸ್ಸಿನ ಖರ್ಚೂ ಮೈಮೇಲೆ ಬಂದಿತು. ಕೆಲವು ದಿನಗಳಾದ ಮೇಲೆ ಕಾನೂನು ನೆರವಿನ ವಕೀಲರೊಬ್ಬರು ಅರ್ಜಿ ಹಾಕುತ್ತಾರೆ. ನ್ಯಾಯಾಧೀಶರು ಕನಿಕರದಿಂದಲೋ ಕಾನೂನಿನ ಪ್ರಕಾರವೋ ಅದನ್ನು ಮಂಜೂರು ಮಾಡುತ್ತಾರೆ. ಐವತ್ತು ಸಾವಿರ ರೂಪಾಯಿಗಳ ವೈಯಕ್ತಿಕ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಸ್ಥಳೀಯ ಜಾಮೀನುದಾರ ಎಂದು ಷರತ್ತು. ಅರ್ಜಿಯು ಮಂಜೂರಾಯಿತೆಂದು ಕೇಳಿದ ಹೆಂಡತಿಯು ಗಂಡನು ನಾಳೆ ಬರುವನೆಂದು ತಿಳಿಯುತ್ತಾಳೆ. ಆತನು ನಾಳೆಯೂ ಬರುವುದಿಲ್ಲ, ನಾಡಿದ್ದೂ ಬರುವುದಿಲ್ಲ. ಏಕೆಂದರೆ, ಈ ಊರಿನಲ್ಲಿ ಆತನನ್ನು ಬಲ್ಲವರಲ್ಲಿ ಪಹಣಿಯುಳ್ಳವನು ಒಬ್ಬನೇ. ಆ ಒಬ್ಬನು ದೂರುಕೊಟ್ಟ ಸಾಹುಕಾರನೇ ಆಗಿದ್ದಾನೆ.

ಇದು ಹೊರಗಿನಿಂದ ಬಂದ ಕೂಲಿಯ ಮಾತಾಯಿತು. ಇಲ್ಲಿಯೇ ಹುಟ್ಟಿ, ಇಲ್ಲಿಯ ಮಣ್ಣಿನಲ್ಲಿಯೇ ತಾತ ಮುತ್ತಾತಂದಿರನ್ನು ಹೂತವನ ಸ್ಥಿತಿಯು ಇದಕ್ಕಿಂತ ಉತ್ತಮವೆಂದು ಯಾರೂ ಭಾವಿಸಬಾರದು. ಈ ಮೂರು ತಾಲ್ಲೂಕುಗಳ ಭೂಮಿಯ ಲೆಕ್ಕವೇ ಒಂದು ವಿಚಿತ್ರವಾದ ಲೆಕ್ಕ. ಮನೆಯಿದೆ, ಗದ್ದೆಯಿದೆ, ನಾಲ್ಕು ನೂರು ಅಡಕೆಮರಗಳೂ ಇವೆ. ದಾಖಲೆಯಲ್ಲಿ ಮಾತ್ರ ಅದು ಸರಕಾರಿ ಜಮೀನು, ಅಥವಾ ಕಾನು, ಅಥವಾ ಸೊಪ್ಪಿನ ಬೆಟ್ಟ, ಅಥವಾ ಮೀಸಲು ಅರಣ್ಯ. ಬಗರ್ ಹುಕುಂ ಸಾಗುವಳಿಯ ಸಕ್ರಮಕ್ಕಾಗಿ ನಮೂನೆ ೫೦ ಆಯಿತು, ೫೩ ಆಯಿತು, ೫೭ ಆಯಿತು. ತಂದೆಯು ಹಾಕಿದ ಅರ್ಜಿಯ ಹಿಂಬರಹವನ್ನು ಮಗನು ಪೆಟ್ಟಿಗೆಯಲ್ಲಿಟ್ಟುಕೊಂಡು ಕಾಯುತ್ತಿರುವ ಮನೆಗಳು ಎಷ್ಟೋ. ೨೦೦೬ರ ಅರಣ್ಯಹಕ್ಕು ಕಾಯಿದೆಯು ಬಂದಿತು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರುಗಳ, ಎಂದರೆ ಎಪ್ಪತ್ತೈದು ವರ್ಷಗಳ ವಾಸವನ್ನು ತೋರಿಸಬೇಕೆಂದು ಅದು ವಿಧಿಸಿತು. ತೋರಿಸಿ ಹಕ್ಕುಪತ್ರ ಪಡೆದವನ ಭೂಮಿಯೂ ಮಕ್ಕಳಿಗೆ ಸಲ್ಲತಕ್ಕುದೇ ಹೊರತು ಪರಭಾರೆ ಮಾಡತಕ್ಕುದಲ್ಲ. ಮಾರಾಟಕ್ಕೆ ಒದಗದ ಭೂಮಿಯು ಹೊಣೆಗೆ ಹೇಗೆ ಒದಗೀತೆಂದು ಗುಮಾಸ್ತೆಯು ಕೇಳಿದರೆ ಆ ಬಡವನು ಏನು ಉತ್ತರ ಕೊಡಬೇಕು? ಇನ್ನು ಪಹಣಿಯಿರುವ ಕುಟುಂಬಗಳಲ್ಲಿಯಾದರೂ ಅದು ಎಂದೋ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ; ಪೌತಿ ಖಾತೆಯಾಗಿಲ್ಲ, ಅಣ್ಣತಮ್ಮಂದಿರಲ್ಲಿ ಪಾಲಾಗಿಲ್ಲ. ಸತ್ತ ಅಜ್ಜನು ಎದ್ದುಬಂದು ಮೊಮ್ಮಗನಿಗೆ ಜಾಮೀನು ನಿಲ್ಲುವಂತಿಲ್ಲವಷ್ಟೆ.

ಕೆರೆಕಟ್ಟೆಯ ಸುತ್ತಿನ ಹಳ್ಳಿಗಳು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಎಲ್ಲೆಯ ತಕರಾರಿನಲ್ಲಿ ಸಿಲುಕಿದುವು. ನರಸಿಂಹರಾಜಪುರದ ಕಡೆ ಭದ್ರಾ ಅಣೆಕಟ್ಟಿನ ಹಿನ್ನೀರು ಊರುಗಳನ್ನೇ ನುಂಗಿತು. ಹೀಗೆ ಕಾಡಿನಿಂದಲೂ ನೀರಿನಿಂದಲೂ ಭೂಮಿಯು ಅಸ್ಥಿರವಾಗಿರುವ ನಾಡಿನಲ್ಲಿ ಭೂಮಿಯ ದಾಖಲೆಯನ್ನೇ ಮನುಷ್ಯನ ಪ್ರಾಮಾಣಿಕತೆಯ ಅಳತೆಗೋಲಾಗಿ ಹಿಡಿಯುವುದು ಎಷ್ಟು ಮಾತ್ರಕ್ಕೂ ಯುಕ್ತವಲ್ಲ.

ಆಶ್ಚರ್ಯದ ಸಂಗತಿಯೇನೆಂದರೆ, ಕಾನೂನಿನಲ್ಲಿ ಎಲ್ಲಿಯೂ ಪಹಣಿಯೆಂಬ ಮಾತೇ ಇಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೮೪ನೆಯ ಕಲಮಿನಲ್ಲಿ, ಮುಚ್ಚಳಿಕೆಯ ಮೊತ್ತವನ್ನು ಪ್ರಕರಣದ ಸಂದರ್ಭಗಳನ್ನು ನೋಡಿ ಗೊತ್ತುಮಾಡತಕ್ಕದ್ದು, ಅದು ವಿಪರೀತವಾಗಿರಕೂಡದು ಎಂದು ಸ್ಪಷ್ಟವಾಗಿದೆ. ಇದಕ್ಕೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೂ ಇದೇ ಮಾತು ಇದ್ದಿತು. ಜಾಮೀನುದಾರನ ಯೋಗ್ಯತೆಯ ವಿಷಯದಲ್ಲಿ ಆತನ ಪ್ರಮಾಣಪತ್ರವನ್ನೇ ನ್ಯಾಯಸ್ಥಾನವು ಒಪ್ಪಿಕೊಳ್ಳಬಹುದೆಂದೂ ಇದೆ. ಪಹಣಿಯನ್ನು ತಂದಿರುವುದು ಕಾನೂನಲ್ಲ, ರೂಢಿ. ರೂಢಿಗೆ ಕಾರಣವಿಲ್ಲದಿಲ್ಲ. ಸುಳ್ಳು ಹೆಸರು ಹೇಳಿ, ಸುಳ್ಳು ದಾಖಲೆ ತಂದು, ಒಂದೇ ದಿನ ಎರಡು ಮೂರು ಕಡೆ ಜಾಮೀನು ನಿಲ್ಲುವ ಕಸಬಿನವರು ದೊಡ್ಡ ಪಟ್ಟಣಗಳ ನ್ಯಾಯಸ್ಥಾನಗಳ ಆವರಣದಲ್ಲಿ ಹುಟ್ಟಿಕೊಂಡರು. ಅವರನ್ನು ತಡೆಯುವುದಕ್ಕಾಗಿ ದಾಖಲೆಗಳ ಮೇಲೆ ದಾಖಲೆಗಳು ಬಂದುವು. ಆದರೆ ಇದರ ಪರಿಣಾಮವನ್ನು ನೋಡಿರಿ! ಕಸಬಿನ ಜಾಮೀನುದಾರನಿಗೆ ಕಾಗದ ಹುಟ್ಟಿಸುವ ವಿದ್ಯೆ ತಿಳಿದಿದೆ. ನಿಜವಾದ ಬಂಧುವಿಗೆ ತಿಳಿದಿಲ್ಲ. ಕಳ್ಳ ಜಾಮೀನುದಾರನನ್ನು ಹೊರಗಿಡಲು ಕಟ್ಟಿದ ಬೇಲಿಯು ಸಾಚಾ ಜಾಮೀನುದಾರನನ್ನು ಹೊರಗಿಟ್ಟು, ಕಳ್ಳನಿಗೆ ಹೆಚ್ಚಿನ ದರ ಕೇಳಲು ಅನುಕೂಲ ಮಾಡಿಕೊಟ್ಟಿತು.

ಇಂತಹ ರೂಢಿಯು ತಪ್ಪೆಂದು ನಮ್ಮ ದೇಶದ ಶ್ರೇಷ್ಠ ನ್ಯಾಯಸ್ಥಾನವು ಹೇಳಿ ಬಹುಕಾಲವಾಯಿತು. ೧೯೭೮ರಲ್ಲಿ ಮೋತಿರಾಮ್ ಎಂಬ ಗಾರೆಕೆಲಸದವನ ಮೊಕದ್ದಮೆಯು ನ್ಯಾಯಮೂರ್ತಿ ವಿ. ಆರ್. ಕೃಷ್ಣಯ್ಯರ್ ಅವರ ಮುಂದೆ ಬಂದಿತು. ಆತನನ್ನು ಬಿಡಬೇಕೆಂದು ಶ್ರೇಷ್ಠ ನ್ಯಾಯಸ್ಥಾನವೇ ಆಜ್ಞೆಮಾಡಿದ್ದಿತು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಗಳ ಜಾಮೀನು ಕೇಳಿದರು. ಆತನ ಅಣ್ಣನೋ ತಮ್ಮನೋ ಹೊಣೆಗೆ ಬಂದಾಗ, ಅವನ ಆಸ್ತಿಯು ಬೇರೆ ಜಿಲ್ಲೆಯಲ್ಲಿದೆಯೆಂದು ತಿರಸ್ಕರಿಸಿದರು. ಕೃಷ್ಣಯ್ಯರ್ ಅವರ ತೀರ್ಪಿನಲ್ಲಿ ಕನ್ನಡಿಗರಾದ ನಾವು ನೆನಪಿನಲ್ಲಿಡಬೇಕಾದ ಒಂದು ಪ್ರಶ್ನೆಯಿದೆ. ಒಬ್ಬ ಮಲೆಯಾಳಿಯೋ ಕನ್ನಡಿಗನೋ ತಮಿಳನೋ ಆಂಧ್ರನೋ ಬಸ್ತರಿನಲ್ಲಿಯೋ ಪೋರ್ಟ್‌ಬ್ಲೇರಿನಲ್ಲಿಯೋ ಚಾಂದನಿ ಚೌಕದಲ್ಲಿಯೋ ಸೆರೆಸಿಕ್ಕಿದರೆ, ಅಲ್ಲಿ ಆಸ್ತಿಯುಳ್ಳ ಹೊಣೆಗಾರನನ್ನು ಎಲ್ಲಿಂದ ತರಬೇಕೆಂಬುದೇ ಆ ಪ್ರಶ್ನೆಯ ತಾತ್ಪರ್ಯ. ಭಾರತದ ಪ್ರಜೆಯೊಬ್ಬನು ಭಾರತದೊಳಗಿನ ಇನ್ನೊಂದು ಜಿಲ್ಲೆಯಲ್ಲಿ ಪರಕೀಯನಾಗಲಾರನೆಂದು ನಿರ್ಣಯಿಸಿ, ಆತನನ್ನು ಒಂದು ಸಾವಿರ ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಆ ಪೀಠವು ವಿಧಿಸಿತು. ಬಸ್ತರಿನಲ್ಲಿ ಕನ್ನಡಿಗನಿಗೆ ಒದಗುವ ಕಷ್ಟವನ್ನು ಕುರಿತು ಮರುಗುವ ನಾವು, ಬಾಳೆಹೊನ್ನೂರಿನ ತೋಟದಲ್ಲಿ ಅಸ್ಸಾಮಿನವನಿಗೂ ಝಾರ್ಖಂಡಿನವನಿಗೂ ಅದೇ ಕಷ್ಟವು ಒದಗಿದಾಗ ಮುಖ ತಿರುಗಿಸಿದರೆ ಅದು ನ್ಯಾಯವಲ್ಲ.

ಮರುವರ್ಷ, ೧೯೭೯ರಲ್ಲಿ, ಬಿಹಾರದ ಸೆರೆಮನೆಗಳ ವಿಷಯವು ಹುಸೇನಾರಾ ಖಾತೂನ್ ಮೊಕದ್ದಮೆಯಾಗಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಮುಂದೆ ಬಂದಿತು. ಅದಕ್ಕೆ ಮೂಲವಾದುದು ಒಂದು ಪತ್ರಿಕೆಯಲ್ಲಿ ಬಂದ ಬರವಣಿಗೆಯೆಂಬುದನ್ನು ಪತ್ರಿಕಾವೃತ್ತಿಯವರಾದ ನಾವು ಸ್ವಲ್ಪ ಹೆಮ್ಮೆಯಿಂದಲೇ ಸ್ಮರಿಸುತ್ತೇವೆ. ಅಪರಾಧವು ಸಾಬೀತಾಗಿದ್ದರೆ ಎಷ್ಟು ಶಿಕ್ಷೆಯಾಗುತ್ತಿದ್ದಿತೋ ಅದಕ್ಕಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಅಲ್ಲಿ ಕಂಡುಬಂದರು. ಊರಿನಲ್ಲಿ ಎಷ್ಟು ಕಾಲದಿಂದ ಇದ್ದಾನೆ, ಏನು ಕೆಲಸ ಮಾಡುತ್ತಾನೆ, ಹೆಂಡತಿ ಮಕ್ಕಳು ಎಲ್ಲಿದ್ದಾರೆ, ನೆರೆಹೊರೆಯವರು ಏನೆನ್ನುತ್ತಾರೆ, ಇವನ್ನು ವಿಚಾರಿಸಿ, ಬೇರುಳ್ಳ ಮನುಷ್ಯನೆಂದು ಕಂಡರೆ ಹಣದ ಮಾತಿಲ್ಲದೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದೆಂದು ಭಗವತಿಯವರು ಸೂಚಿಸಿದರು.

ಜಾಮೀನೆಂಬ ಮಾತಿಗೂ ನಮ್ಮ ರಾಷ್ಟ್ರೀಯ ಚಳವಳಿಗೂ ಹಳೆಯ ಸಂಬಂಧವಿದೆ. ೧೮೯೭ರಲ್ಲಿ ಲೋಕಮಾನ್ಯ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆಯು ಹೂಡಲ್ಪಟ್ಟಾಗ ಅವರ ಪರವಾಗಿ ಜಾಮೀನಿಗಾಗಿ ವಾದಿಸಿದ ವಕೀಲರಲ್ಲಿ ದಾವರ್ ಒಬ್ಬರು. ನ್ಯಾಯಮೂರ್ತಿ ಬದ್ರುದ್ದೀನ್ ತ್ಯಾಬ್ಜಿಯವರು ಅದನ್ನು ಕೊಟ್ಟರು. ಹನ್ನೊಂದು ವರ್ಷಗಳ ತರುವಾಯ, ೧೯೦೮ರಲ್ಲಿ, ಅದೇ ದಾವರ್ ಅವರು ನ್ಯಾಯಪೀಠದ ಮೇಲಿದ್ದು ಅದೇ ತಿಲಕರಿಗೆ ಜಾಮೀನನ್ನು ನಿರಾಕರಿಸಿದರು! ಪತ್ರಿಕೆಗಳ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ೧೯೧೦ರ ಮುದ್ರಣ ಶಾಸನವೂ ೧೯೩೧ರ ತುರ್ತು ಶಾಸನವೂ ಠೇವಣಿಯ ಕತ್ತರಿಯಿಂದಲೇ ಪತ್ರಿಕೆಗಳ ಕೊರಳನ್ನು ಹಿಡಿದುವು. ಬರೆದುದು ತಪ್ಪೋ ಸರಿಯೋ ಎಂಬ ವಿಚಾರಣೆ ಆಮೇಲೆ. ಮೊದಲು ಹಣ ಕಟ್ಟು, ಇಲ್ಲವಾದರೆ ಮುದ್ರಣಾಲಯಕ್ಕೆ ಬೀಗ. ಹಣವುಳ್ಳ ಪತ್ರಿಕೆಯು ಉಳಿಯಿತು, ಇಲ್ಲದುದು ಮುಚ್ಚಿತು. ಹಣವು ಸತ್ಯದ ಪರೀಕ್ಷೆಯಲ್ಲವೆಂದು ಆಗ ನಮ್ಮ ಹಿರಿಯರು ಸಾರಿ ಹೇಳಿದರು. ಪತ್ರಿಕೆಯ ವಿಷಯದಲ್ಲಿ ಅನ್ಯಾಯವಾದುದು ಕೂಲಿಯ ವಿಷಯದಲ್ಲಿ ನ್ಯಾಯವಾಗುವ ಬಗೆ ಹೇಗೆಂಬುದು ನಮಗೆ ತಿಳಿಯದು.

ಮಹಾತ್ಮಾ ಗಾಂಧಿಯವರ ಚಂಪಾರಣ್ಯದ ಪ್ರಸಂಗವು ಇನ್ನೂ ಹತ್ತಿರದ್ದು. ೧೯೧೭ರ ಏಪ್ರಿಲ್ ೧೮ರಂದು ಮೋತಿಹಾರಿಯ ನ್ಯಾಯಸ್ಥಾನದಲ್ಲಿ ಅವರು ತಪ್ಪನ್ನು ಒಪ್ಪಿಕೊಂಡರು. ಮ್ಯಾಜಿಸ್ಟ್ರೇಟನು ಗೊಂದಲಕ್ಕೊಳಗಾಗಿ, ತೀರ್ಪನ್ನು ಮುಂದಕ್ಕೆ ಹಾಕಿ, ಅಲ್ಲಿಯ ವರೆಗೆ ಜಾಮೀನು ಕೊಡಬೇಕೆಂದನು. ಗಾಂಧಿಯವರು ಕೊಡುವುದಿಲ್ಲವೆಂದರು. ಆತನು ಜಾಮೀನಿಲ್ಲದೆಯೇ ಅವರನ್ನು ಬಿಟ್ಟನು. ಅವರು ಓಡಿಹೋಗುವವರಲ್ಲವೆಂಬುದು ಆತನಿಗೆ ತಿಳಿದಿದ್ದಿತು, ಅಷ್ಟು ಸಾಕಾಗಿದ್ದಿತು. ಪರಕೀಯ ಸರಕಾರದ ಒಬ್ಬ ಸಾಮಾನ್ಯ ಮ್ಯಾಜಿಸ್ಟ್ರೇಟನಿಗೆ ಸಾಧ್ಯವಾದ ವಿವೇಚನೆಯು ಸ್ವತಂತ್ರ ಭಾರತದ ನ್ಯಾಯಸ್ಥಾನಗಳಿಗೆ ಅಸಾಧ್ಯವಾಗಬಾರದು. ಎಲ್ಲ ಆಪಾದಿತರೂ ಗಾಂಧಿಯವರಲ್ಲವೆಂದು ಯಾರಾದರೂ ನಗಬಹುದು. ಎಲ್ಲರೂ ಓಡಿಹೋಗುವವರೂ ಅಲ್ಲ. ಯಾರು ಎಂತಹವರೆಂದು ವಿಚಾರಿಸಿ ತಿಳಿಯುವ ಶ್ರಮವನ್ನು ತೆಗೆದುಕೊಳ್ಳಬೇಕೆಂಬುದಷ್ಟೇ ನಮ್ಮ ವಾದ.

ಸೆರೆಮನೆಗಳ ಇಕ್ಕಟ್ಟಿನ ವಿಷಯಕ್ಕೆ ಬರೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಮಂಡಳಿಯು ಪ್ರಕಟಿಸಿದ ಲೆಕ್ಕದಂತೆ, ೨೦೨೨ರ ಡಿಸೆಂಬರ್ ೩೧ರಂದು ಭಾರತದ ಎಲ್ಲ ಸೆರೆಮನೆಗಳೂ ಸೇರಿ ೪,೩೬,೨೬೬ ಜನರಿಗೆ ಸ್ಥಳವಿದ್ದಿತು. ಒಳಗೆ ಇದ್ದವರು ೫,೭೩,೨೨೦ ಜನ. ಎಂದರೆ, ನೂರು ಜನರ ಜಾಗದಲ್ಲಿ ನೂರ ಮೂವತ್ತೊಂದು ಜನ. ಇವರಲ್ಲಿ ವಿಚಾರಣಾಧೀನರು ೪,೩೪,೩೦೨. ಈ ಅಂಕೆಯನ್ನು ಮೊದಲನೆಯ ಅಂಕೆಯ ಪಕ್ಕದಲ್ಲಿಟ್ಟು ನೋಡಬೇಕು. ಶಿಕ್ಷೆಯಾದ ಒಬ್ಬನೇ ಒಬ್ಬ ಕೈದಿಯೂ ಇಲ್ಲದಿದ್ದರೂ, ಕೇವಲ ವಿಚಾರಣೆಗಾಗಿ ಕಾದಿರುವವರಿಂದಲೇ ಈ ದೇಶದ ಸೆರೆಮನೆಗಳು ಹೆಚ್ಚು ಕಡಮೆ ತುಂಬಿಹೋಗುತ್ತಿದ್ದುವು! ಹೊಸ ಸೆರೆಮನೆಗಳನ್ನು ಕಟ್ಟಿಸಿದರೆ ಈ ಇಕ್ಕಟ್ಟು ನೀಗುವುದೆಂದು ಹೇಳುವವರು ಈ ಎರಡು ಅಂಕೆಗಳನ್ನು ನೋಡಿಲ್ಲವೆಂದು ತೋರುತ್ತದೆ. ಅದೇ ೨೦೨೨ರ ನವೆಂಬರ್ ೨೬ರಂದು, ಸಂವಿಧಾನ ದಿನದ ಸಭೆಯಲ್ಲಿ, ರಾಷ್ಟ್ರಪತಿ ಶ್ರೀಮತಿ ದ್ರೌಪದಿ ಮುರ್ಮು ಅವರು ಬರೆದ ಭಾಷಣವನ್ನು ಬದಿಗಿಟ್ಟು ಈ ಬಡ ಕೈದಿಗಳ ವಿಷಯವನ್ನು ನ್ಯಾಯಾಧೀಶರ ಸಮ್ಮುಖದಲ್ಲಿಯೇ ಎತ್ತಿದರು.

ಶಾಸನದ ಮಟ್ಟಿಗೆ ಏನೂ ಆಗಿಲ್ಲವೆಂದು ಹೇಳಿದರೆ ಅಸತ್ಯವಾಗುತ್ತದೆ. ಜಾಮೀನು ಕೊಡತಕ್ಕ ಅಪರಾಧಗಳಲ್ಲಿ, ದಸ್ತಗಿರಿಯಾಗಿ ಒಂದು ವಾರದೊಳಗೆ ಜಾಮೀನು ಒದಗಿಸಲಾರದವನನ್ನು ನಿರ್ಗತಿಕನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡತಕ್ಕದ್ದೆಂಬ ನಿಯಮವು ೨೦೦೬ರಿಂದ ಇದೆ. ಹೊಸ ಸಂಹಿತೆಯ ೪೭೮ನೆಯ ಕಲಮು ಅದನ್ನು ಉಳಿಸಿಕೊಂಡಿದೆ. ಆದರೆ ಕಳ್ಳತನದಂತಹ, ಜಾಮೀನು ಹಕ್ಕಿನಿಂದ ದೊರೆಯದ ಅಪರಾಧಗಳಿಗೆ ಈ ದಯೆಯು ಅನ್ವಯಿಸುವುದಿಲ್ಲ. ಅಲ್ಲಿಯೂ ಒಮ್ಮೆ ಬಿಡುಗಡೆಯ ಆಜ್ಞೆಯಾದ ಮೇಲೆ ಬಡವನ ಬಡತನವು ಬದಲಾಗಿರುವುದೆ? ೪೭೯ನೆಯ ಕಲಮಿನ ಪ್ರಕಾರ, ಹಿಂದೆ ಶಿಕ್ಷೆಯಾಗಿರದ ಆಪಾದಿತನು ಪರಮಾವಧಿ ಶಿಕ್ಷೆಯ ಮೂರರಲ್ಲೊಂದು ಭಾಗವನ್ನೂ ಉಳಿದವರು ಅರ್ಧ ಭಾಗವನ್ನೂ ಒಳಗೆ ಕಳೆದರೆ ಬಿಡುಗಡೆಗೆ ಅರ್ಹರು. ಹಾಗೆ ಅರ್ಹರಾದವರ ವಿಷಯದಲ್ಲಿ ಕಾರಾಗೃಹದ ಅಧೀಕ್ಷಕರೇ ನ್ಯಾಯಸ್ಥಾನಕ್ಕೆ ಬರೆದು ತಿಳಿಸತಕ್ಕದ್ದು. ಇದು ಹಳೆಯ ಮೊಕದ್ದಮೆಗಳಿಗೂ ಸಲ್ಲುವುದೆಂದು ಶ್ರೇಷ್ಠ ನ್ಯಾಯಸ್ಥಾನವು ೨೦೨೪ರ ಆಗಸ್ಟಿನಲ್ಲಿ ಹೇಳಿತು. ಒಳ್ಳೆಯದೇ. ಆದರೂ ಲೆಕ್ಕ ಹಾಕಿ ನೋಡೋಣ. ಸಾಧಾರಣ ಕಳವಿಗೆ ಪರಮಾವಧಿ ಮೂರು ವರ್ಷ. ಮೇಲೆ ಹೇಳಿದ ಅಡಕೆಯ ಕೂಲಿಯು ಈ ಕಲಮಿನ ಪ್ರಯೋಜನವನ್ನು ಪಡೆಯಬೇಕಾದರೆ ಒಂದು ವರ್ಷ ಒಳಗಿರಬೇಕು. ಒಂದು ವರ್ಷವೆಂದರೆ ಅಡಕೆಯ ಒಂದು ಕೊಯ್ಲು, ಕಾಫಿಯ ಒಂದು ಕೊಯ್ಲು, ಮಕ್ಕಳ ಶಾಲೆಯ ಒಂದು ತರಗತಿ. ಅಷ್ಟು ಹೊತ್ತಿಗೆ ಲೈನುಮನೆಯಲ್ಲಿ ಬೇರೊಂದು ಸಂಸಾರವು ಒಲೆ ಹೂಡಿರುತ್ತದೆ.

ಇದೇ ಕಲಮಿನ ಎರಡನೆಯ ಉಪಕಲಮು ಕೊಟ್ಟುದನ್ನು ಕಿತ್ತುಕೊಳ್ಳುವಂತಹುದು. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಅಪರಾಧಗಳ ಅಥವಾ ಮೊಕದ್ದಮೆಗಳ ವಿಚಾರಣೆಯು ಇದ್ದರೆ ಈ ಸೌಲಭ್ಯವಿಲ್ಲವೆಂದು ಅದರಲ್ಲಿದೆ. ಒಂದೇ ಘಟನೆಗೆ ನಾಲ್ಕು ಕಲಮುಗಳನ್ನು ಜೋಡಿಸಿ ಬರೆಯುವುದು ನಮ್ಮ ಠಾಣೆಗಳ ವಾಡಿಕೆಯೆಂಬುದನ್ನು ಬಲ್ಲವರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಬಹುಮೊಕದ್ದಮೆಗಳ ಪ್ರಶ್ನೆಗೆ ವಿಶೇಷವಾದ ಅರ್ಥವುಂಟು. ೨೦೦೫ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದ ಬಳಿ ಸಾಕೇತ್ ರಾಜನ್ ಗುಂಡಿಗೆ ಬಲಿಯಾದಂದಿನಿಂದ ಹಲವು ವರ್ಷ ಈ ಕಾಡುಗಳಲ್ಲಿ ಬಂದೂಕಿನ ಸದ್ದು ಕೇಳುತ್ತಿದ್ದಿತು. ೨೦೨೫ರ ಜನವರಿ ೮ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಸಮ್ಮುಖದಲ್ಲಿ ಶರಣಾದರು. ಅವರಲ್ಲಿ ಶೃಂಗೇರಿ ತಾಲ್ಲೂಕಿನ ಮುಂಡಗಾರಿನವರೊಬ್ಬರೂ ಇದ್ದರು. ಶಸ್ತ್ರಮಾರ್ಗವನ್ನು ನಾವು ಎಂದೂ ಒಪ್ಪಿದವರಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಶಸ್ತ್ರವನ್ನು ಕೆಳಗಿಟ್ಟು ಬಂದವರ ಮೇಲೆ ಬೇರೆ ಬೇರೆ ಠಾಣೆಗಳ, ಬೇರೆ ಬೇರೆ ನ್ಯಾಯಸ್ಥಾನಗಳ ಮೊಕದ್ದಮೆಗಳು ಇರುವಾಗ, ಒಂದೊಂದಕ್ಕೂ ಬೇರೆ ಬೇರೆ ಜಾಮೀನುದಾರರನ್ನು ಹುಡುಕುವುದು ಯಾವ ಬಡ ಮಲೆನಾಡಿಗನಿಂದಲೂ ಆಗದ ಕೆಲಸ. ೨೦೨೪ರ ಆಗಸ್ಟ್ ೨೨ರಂದು ಗಿರೀಶ್ ಗಾಂಧಿ ಎಂಬವರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಗವಾಯಿ ಮತ್ತು ನ್ಯಾಯಮೂರ್ತಿ ವಿಶ್ವನಾಥನ್ ಅವರು ಇದೇ ತೊಡಕನ್ನು ಬಿಡಿಸಿದರು. ಹದಿಮೂರು ಪ್ರಕರಣಗಳಲ್ಲಿ ಜಾಮೀನು ಸಿಕ್ಕಿಯೂ ಹೊಣೆಗಾರರಿಲ್ಲದೆ ಒಳಗಿದ್ದವನಿಗೆ, ಒಬ್ಬರೇ ಹೊಣೆಗಾರರು ಹಲವು ಮೊಕದ್ದಮೆಗಳಿಗೂ ನಿಲ್ಲಬಹುದೆಂದು ಅಪ್ಪಣೆಯಾಯಿತು. ಹೊಣೆಗಾರನೆಂದರೆ ಬಹುಮಟ್ಟಿಗೆ ಹತ್ತಿರದ ನೆಂಟನೋ ಹಳೆಯ ಗೆಳೆಯನೋ ಆಗಿರುವನು, ಅಂತಹವರ ಸಂಖ್ಯೆಯೇ ಚಿಕ್ಕದು, ಮೊಕದ್ದಮೆಗೆ ಬಿದ್ದವನಿಗಂತೂ ಇನ್ನೂ ಚಿಕ್ಕದು ಎಂಬ ಲೋಕಾನುಭವದ ಮಾತನ್ನು ಆ ತೀರ್ಪಿನಲ್ಲಿ ಕಾಣಬಹುದು.

ಘಟ್ಟದ ಕೆಳಗಿನ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ೨೦೧೨ರ ಮಾರ್ಚಿಯಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ಮಲೆಕುಡಿಯ ಜನಾಂಗದ ಪತ್ರಿಕೋದ್ಯಮದ ವಿದ್ಯಾರ್ಥಿಯೊಬ್ಬನನ್ನು ತಂದೆಯೊಡನೆ ಬಂಧಿಸಿದರು. ಬೇಡಿ ಹಾಕಿದ ಕೈಯಿಂದ ಆತನು ಪರೀಕ್ಷೆಗೆ ಹೋದುದನ್ನು ನಾಡೆಲ್ಲ ನೋಡಿತು. ೨೦೨೧ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಸ್ಥಾನವು ತಂದೆಮಕ್ಕಳಿಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟಿತು. ನಡುವೆ ಒಂಬತ್ತು ವರ್ಷಗಳು ಸಂದಿದ್ದುವು. ಆ ಕಾಲವೆಲ್ಲ ಆತನು ಸೆರೆಯಲ್ಲಿರದೆ ಹೊರಗಿದ್ದು ಓದಿ ದುಡಿದು ಬಾಳಲು ಸಾಧ್ಯವಾದುದು ಕೆಲವು ತಿಂಗಳುಗಳ ಬಳಿಕ ದೊರೆತ ಜಾಮೀನಿನಿಂದ. ಜಾಮೀನು ಸಿಗದೆ ಹೋಗಿದ್ದರೆ ಆ ಒಂಬತ್ತು ವರ್ಷಗಳಿಗೆ ಲೆಕ್ಕ ಕೊಡುವವರು ಯಾರಿದ್ದರು?

ಬಡವರನ್ನು ಜಾಮೀನಿಲ್ಲದೆ ಬಿಟ್ಟರೆ ಓಡಿಹೋಗುವರು, ಮೊಕದ್ದಮೆಗಳು ನಿಂತುಹೋಗುವುವು, ಕಳವಿಗೆ ಗುರಿಯಾದ ಸಣ್ಣ ಹಿಡುವಳಿದಾರನಿಗೆ ನ್ಯಾಯವೆಲ್ಲಿ ಎಂಬ ಆಕ್ಷೇಪಣೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ವರ್ಷದ ದುಡಿಮೆಯೆಲ್ಲ ಎರಡು ಚೀಲ ಅಡಕೆಯಾಗಿ ಕಣ್ಣಮುಂದೆ ಇರುವಾಗ ಅದು ರಾತ್ರಿಯಲ್ಲಿ ಮಾಯವಾದರೆ ಆ ರೈತನ ಹೊಟ್ಟೆ ಉರಿಯದೆ ಇರದು. ದೂರದಿಂದ ಬಂದ ಆಳು ಒಮ್ಮೆ ರೈಲು ಹತ್ತಿದರೆ ವಾರಂಟು ಹಿಡಿದು ಹುಡುಕುವುದು ಕಷ್ಟವೆಂಬುದೂ ನಿಜ. ಆದರೆ ಇಲ್ಲಿ ಒಂದು ವಿವೇಕವನ್ನು ಮರೆಯಕೂಡದು. ಯಾರನ್ನು ಬಿಟ್ಟರೆ ಅಪಾಯವೋ, ಯಾರು ಸಾಕ್ಷಿಗಳನ್ನು ಬೆದರಿಸುವರೋ, ಯಾರು ಖಂಡಿತವಾಗಿ ತಲೆತಪ್ಪಿಸಿಕೊಳ್ಳುವರೋ ಅವರಿಗೆ ಜಾಮೀನನ್ನೇ ನಿರಾಕರಿಸುವ ಅಧಿಕಾರವು ನ್ಯಾಯಸ್ಥಾನಕ್ಕೆ ಇದೆ. ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ನಾವು ಹೇಳುತ್ತಿರುವುದು, ಬಿಡಬಹುದೆಂದು ನ್ಯಾಯಸ್ಥಾನವೇ ತೀರ್ಮಾನಿಸಿದವರ ಮಾತು. ಅಪಾಯಕಾರಿಯಾದ ಹಣವಂತನು ಒಂದೇ ದಿನದಲ್ಲಿ ಹೊಣೆಗಾರನನ್ನು ತಂದು ಹೊರಗೆ ಹೋಗುತ್ತಾನೆ. ನಿರಪಾಯಕಾರಿಯಾದ ಬಡವನು ಒಳಗೆ ಉಳಿಯುತ್ತಾನೆ. ಇದರಿಂದ ರೈತನ ಅಡಕೆಗೆ ಯಾವ ರಕ್ಷಣೆ ದೊರೆಯಿತು? ರೈತನಿಗೆ ಬೇಕಾದುದು ಬೇಗನೆ ವಿಚಾರಣೆಯೂ ತೀರ್ಪೂ. ವಾಯಿದೆಯ ಮೇಲೆ ವಾಯಿದೆಯಲ್ಲ.

ಹೊರದೇಶಗಳಲ್ಲಿಯೂ ಈ ಪ್ರಯೋಗವು ನಡೆದಿದೆ. ೧೯೬೧ರಲ್ಲಿಯೇ ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ಹಣದ ಬದಲು ಊರಿನ ಸಂಬಂಧಗಳನ್ನು ವಿಚಾರಿಸಿ ಬಿಡುವ ಯೋಜನೆಯೊಂದು ಆರಂಭವಾಯಿತು. ಭಗವತಿಯವರು ತಮ್ಮ ತೀರ್ಪಿನಲ್ಲಿ ಅದನ್ನು ಉದಾಹರಿಸಿದರು. ೨೦೨೩ರ ಸೆಪ್ಟೆಂಬರ್ ೧೮ರಿಂದ ಇಲಿನಾಯ್ ಸಂಸ್ಥಾನವು ಹಣದ ಜಾಮೀನನ್ನು ಸಂಪೂರ್ಣವಾಗಿ ತೆಗೆದುಹಾಕಿತು.

ನಮ್ಮ ಕೇಂದ್ರ ಸರಕಾರವು ಹಿಡಿದ ದಾರಿ ಬೇರೆ. ೨೦೨೩ರಲ್ಲಿ ಬಡ ಕೈದಿಗಳ ನೆರವಿನ ಯೋಜನೆಯನ್ನು ತಂದು, ವಿಚಾರಣಾಧೀನನ ಜಾಮೀನಿಗಾಗಿ ನಲವತ್ತು ಸಾವಿರ ರೂಪಾಯಿಗಳ ವರೆಗೆ, ಶಿಕ್ಷೆಯಾದವನ ಜುಲ್ಮಾನೆಗಾಗಿ ಇಪ್ಪತ್ತೈದು ಸಾವಿರದ ವರೆಗೆ ಕೊಡಬಹುದೆಂದಿತು. ಜಿಲ್ಲಾಧಿಕಾರಿಗಳೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗಳೂ ಇರುವ ಸಮಿತಿಯೊಂದು ಇದನ್ನು ಮಂಜೂರು ಮಾಡತಕ್ಕದ್ದು. ಉದ್ದೇಶವನ್ನು ನಾವು ಮೆಚ್ಚುತ್ತೇವೆ. ಆದರೆ ಇದರ ಸ್ವಾರಸ್ಯವನ್ನೂ ನೋಡಬೇಕು. ಸರಕಾರವೇ ಮೊಕದ್ದಮೆ ಹೂಡುತ್ತದೆ, ಸರಕಾರದ ವಕೀಲರೇ ಬಿಡುಗಡೆಯನ್ನು ವಿರೋಧಿಸುತ್ತಾರೆ, ಬಿಡುಗಡೆಗೆ ಬೇಕಾದ ಠೇವಣಿಯನ್ನು ಸರಕಾರವೇ ಕಟ್ಟುತ್ತದೆ! ಬೊಕ್ಕಸದ ಒಂದು ಕೋಣೆಯಿಂದ ಹೊರಟ ಹಣವು ಇನ್ನೊಂದು ಕೋಣೆಯನ್ನು ಸೇರುವುದಕ್ಕಾಗಿ ಒಂದು ಸಮಿತಿ, ಒಂದು ಸಭೆ, ಒಂದು ನಡಾವಳಿ. ಆ ಠೇವಣಿಯನ್ನು ಕೇಳದೆಯೇ ಇದ್ದಿದ್ದರೆ ಇಷ್ಟೆಲ್ಲ ಏತಕ್ಕೆ ಬೇಕಾಗಿದ್ದಿತು?

ಇದಕ್ಕಿಂತ ನೇರವಾದ ದಾರಿಯನ್ನು ಶ್ರೇಷ್ಠ ನ್ಯಾಯಸ್ಥಾನವು ೨೦೨೩ರ ಜನವರಿ ೩೧ರ ಆಜ್ಞೆಯಲ್ಲಿ ತೋರಿಸಿದೆ. ಜಾಮೀನು ಮಂಜೂರಾದ ಆಜ್ಞೆಯ ನಕಲು ಅದೇ ದಿನ ಅಥವಾ ಮರುದಿನ ಕೈದಿಗೆ ತಲಪಬೇಕು. ಏಳು ದಿನಗಳೊಳಗೆ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನು ಒದಗದಿದ್ದರೆ ನ್ಯಾಯಸ್ಥಾನವು ಯಾರೂ ಕೇಳದೆಯೇ ಷರತ್ತನ್ನು ಸಡಿಲಿಸುವ ವಿಷಯವನ್ನು ಪರಿಶೀಲಿಸಬಹುದು. ಸ್ಥಳೀಯ ಹೊಣೆಗಾರನೇ ಬೇಕೆಂಬ ಹಟವು ವಿಳಂಬಕ್ಕೆ ಒಂದು ಕಾರಣವಾಗಿರುವುದರಿಂದ ಅದನ್ನು ವಿಧಿಸದಿರುವುದು ಒಳ್ಳೆಯದೆಂದೂ ಅದರಲ್ಲಿ ಹೇಳಿದೆ. ಈ ಆಜ್ಞೆಗಳು ಗ್ರಂಥಗಳಲ್ಲಿ ಅಚ್ಚಾದರೆ ಸಾಲದು. ಕೊಪ್ಪದ ನ್ಯಾಯಸ್ಥಾನದ ಜಗಲಿಯ ವರೆಗೆ ಇಳಿದು ಬರಬೇಕು.

ಇದಕ್ಕೆ ಹೊಸ ಶಾಸನಕ್ಕಾಗಿ ಕಾಯಬೇಕಾಗಿಲ್ಲ. ತೋಟದ ರೈಟರ ವೇತನ ಪುಸ್ತಕದಲ್ಲಿ ಆಳಿನ ಹೆಸರು ಎಷ್ಟು ವರ್ಷಗಳಿಂದ ಇದೆಯೆಂಬುದು ಒಂದು ಸಾಕ್ಷ್ಯ. ಮಕ್ಕಳು ಊರ ಶಾಲೆಯಲ್ಲಿ ಓದುತ್ತಿರುವುದು, ಪಡಿತರ ಚೀಟಿಯು ಇದೇ ಪಂಚಾಯಿತಿಯದಾಗಿರುವುದು, ಸ್ತ್ರೀಶಕ್ತಿ ಸಂಘದಲ್ಲಿ ಹೆಂಡತಿಯ ಉಳಿತಾಯವಿರುವುದು, ಇವೂ ಸಾಕ್ಷ್ಯಗಳೇ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಸ್ವಯಂಸೇವಕನೊಬ್ಬನು ಅರ್ಧ ದಿನ ತಿರುಗಾಡಿ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮ್ಯಾಜಿಸ್ಟ್ರೇಟರ ಮುಂದಿಡಬಹುದು. ಹೊರಗಿನಿಂದ ಬಂದವನಾದರೆ ಆತನ ಹುಟ್ಟೂರಿನ ಠಾಣೆಯಲ್ಲಿ ತಿಂಗಳಿಗೊಮ್ಮೆ ಹಾಜರಾಗಬೇಕೆಂಬ ಷರತ್ತನ್ನು ಹಾಕಬಹುದು. ಪಹಣಿಯಿಲ್ಲದಿದ್ದರೂ ತಿಂಗಳ ಸಂಬಳವುಳ್ಳ ಒಬ್ಬ ಮೇಸ್ತ್ರಿಯು ಹೊಣೆಯಾಗುವುದನ್ನು ಒಪ್ಪಬಹುದು. ಮೂರು ತಾಲ್ಲೂಕುಗಳ ವಕೀಲರ ಸಂಘಗಳು ಒಟ್ಟಾಗಿ ಈ ವಿಷಯವನ್ನು ಜಿಲ್ಲಾ ನ್ಯಾಯಾಧೀಶರ ಗಮನಕ್ಕೆ ತಂದರೆ ಅವರು ಕೇಳದೆ ಇರಲಾರರೆಂದು ನಮ್ಮ ನಂಬಿಕೆ.

ಪ್ರಥಮವಾಗಿ ಆಗಬೇಕಾದುದು ಒಂದು ಪಟ್ಟಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನ್ಯಾಯಸ್ಥಾನಗಳಿಂದ ಬಂಧನಕ್ಕೆ ಕಳುಹಿಸಲ್ಪಟ್ಟವರಲ್ಲಿ, ಜಾಮೀನು ಮಂಜೂರಾಗಿ ಏಳು ದಿನಗಳು ಕಳೆದರೂ ಒಳಗೇ ಇರುವವರು ಎಷ್ಟು ಮಂದಿ, ಯಾರಿಗೆ ಎಷ್ಟು ಮೊತ್ತವು ಗೊತ್ತಾಗಿದೆ, ಹೊಣೆಗಾರನು ಏಕೆ ಬರಲಿಲ್ಲ? ಇಷ್ಟನ್ನು ಬರೆದ ಹಾಳೆಯೊಂದನ್ನು ಅಧೀಕ್ಷಕರು ವಾರಕ್ಕೊಮ್ಮೆ ಕಳುಹಿಸಲಿ, ಆಯಾ ನ್ಯಾಯಾಧೀಶರು ಸೋಮವಾರ ಬೆಳಗ್ಗೆ ಮೊದಲ ಮೊಕದ್ದಮೆಯನ್ನು ಕೂಗಿಸುವುದಕ್ಕೆ ಮುಂಚೆ ಅದನ್ನು ಓದಲಿ.